ಕೂಗೋ ಬಾಯಿ, ಕೇಳೋ ಕಿವಿ: ಹ್ಯಾಮ್‌ಸ್ಯಾಟ್ ಕಥೆ

ಹಿರಿಯೂರಿಂದ ಚಿತ್ರದುರ್ಗಕ್ಕೆ ಹೈವೇಲಿ ಹೋಗೋವಾಗ ಐಮಂಗಲ ಸಿಗುತ್ತಲ್ಲ, ಅದು ನಮ್ಮೂರು. ಇಲ್ಲಿ ಕೈಯಲ್ಲಿ ವಾಕಿಟಾಕಿ ಹಿಡಿದು ಮಾತಾಡಿದ್ರೆ ಗುಡ್ಡಸಾಲಿನ ಆಚೆ ಹೊಳಲ್ಕೆರೆಯವರಿಗೆ ನೇರವಾಗಿ ಕೇಳಿಸೋದು ಕಷ್ಟ. ಇಂಥ ಕಡೆ ಹವ್ಯಾಸಿ ರೇಡಿಯೊದವರು, ಅಂದ್ರೆ ಹ್ಯಾಮ್‌ಗಳು, ಎತ್ತರದಲ್ಲಿ ರಿಪೀಟರ್ ಇಡ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತೆ.

ತೊಂದರೆ ಇರೋದೇ ಆ ‘ಅದೇ ಕ್ಷಣ’ದಲ್ಲಿ. ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗ್ತಿರೋರಿಗೆ ಯಾರದೋ ಪಿಸುಮಾತು ಕೇಳಿಸುತ್ತಾ? 145 ಮೆಗಾಹರ್ಟ್ಸ್ ಆಸುಪಾಸಿನ ರಿಪೀಟರ್‌ಗಳಲ್ಲಿ ಕೇಳೋದಕ್ಕೂ ಹೇಳೋದಕ್ಕೂ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಷ್ಟೇ ಅಂತರ. ಹಾಗಾಗಿ ಎರಡು ಆಂಟೆನಾ ದೂರ ಇಡಬೇಕು. ಒಂದರಿಂದ ಇನ್ನೊಂದಕ್ಕೆ ನುಗ್ಗೋ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳೀಬೇಕಾದ್ರೆ, ಅಕ್ಕಪಕ್ಕ ಇಟ್ಟರೆ 150 ಮೀಟರ್‌ಗೂ ಹೆಚ್ಚು ಬೇಕು. ಒಂದೇ ಕಂಬದಲ್ಲಿ ಮೇಲೆ-ಕೆಳಗೆ ನಿಲ್ಲಿಸಿದ್ರೆ ಅಂದಾಜು 13 ಮೀಟರ್ ಸಾಕು! ನೆಟ್ಟಗಿರೋ ಆಂಟೆನಾ ಸುತ್ತಲೂ ಹರಡುತ್ತೆ, ತನ್ನ ನೆತ್ತಿಗೂ ಬುಡಕ್ಕೂ ಹೆಚ್ಚು ಕಳಿಸಲ್ಲ, ಅದಕ್ಕೆ. ಇಷ್ಟೂ ಸಾಲದು. ಮಿಕ್ಕಿದ್ದನ್ನ ಕ್ಯಾವಿಟಿ ಫಿಲ್ಟರ್ ಅನ್ನೋ ಲೋಹದ ಡಬ್ಬಗಳು ತಡೀತವೆ.

ಸರಿ, ಕಂಬವೇ ಇಲ್ಲದ ಅಂತರಿಕ್ಷದಲ್ಲಿ? 1965ರ ಮಾರ್ಚ್‌ನಲ್ಲಿ ಹಾರಿದ ಅಮೆರಿಕದ ಹ್ಯಾಮ್‌ಗಳ ಆಸ್ಕರ್-3, 144ರಲ್ಲಿ ಕೇಳಿ 146 ಮೆಗಾಹರ್ಟ್ಸ್ ಹತ್ತಿರ ಹೇಳ್ತಿತ್ತು. ಪುಟ್ಟ ಪೆಟ್ಟಿಗೆ, ಒಂದೇ ಬ್ಯಾಂಡ್. 1974ರ ಆಸ್ಕರ್-7ರಲ್ಲಿ 432ರಲ್ಲಿ ಕೇಳಿ 145ರಲ್ಲಿ ಹೇಳೋ ಏರ್ಪಾಡು ಬಂತು. ಜಾಗದಲ್ಲಿ ಸಿಗದ ದೂರವನ್ನ ಫ್ರೀಕ್ವೆನ್ಸಿಯಲ್ಲಿ ಹುಡುಕಿದ್ರು.

ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ತಯಾರಾದ ನಮ್ಮ ಹ್ಯಾಮ್‌ಸ್ಯಾಟ್ ಕೂಡ ಇದೇ ದಾರಿ ಹಿಡೀತು. ತೂಕ 42.5 ಕೆ.ಜಿ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹೋಯ್ತು. 435ರಲ್ಲಿ ಕೇಳೋದು, 145ರಲ್ಲಿ ಹೇಳೋದು. ಆದ್ರೆ ಲೆಕ್ಕ ಹಾಕಿ ನೋಡಿ: 145.9ರ ಮೂರು ಪಟ್ಟು 437.7. ಟ್ರಾನ್ಸ್‌ಮಿಟರ್ ತನ್ನ ಮೂರು ಪಟ್ಟಿನಲ್ಲೂ ಸಣ್ಣಗೆ ಗೊಣಗುತ್ತೆ, ಕೇಳೋ ಕಿವಿ ಇರೋದು 435.25ರ ಸುತ್ತ. ಅಂದ್ರೆ ಫಿಲ್ಟರ್ ಕಾಟ ಮೇಲಕ್ಕೂ ಬಂತು!

ಇದೆಲ್ಲ ಬರೀ ಹವ್ಯಾಸದವರ ತಲೆಬಿಸಿ ಅಂತೀರಾ? ಅದಕ್ಕೆ ಕೆಲವೇ ತಿಂಗಳ ಮುಂಚೆ, 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್‌ಗಳು ಸತ್ತಾಗ ಸುದ್ದಿ ಮುಟ್ಟಿಸಿದ್ದು ಹ್ಯಾಮ್‌ಗಳೇ. ಹ್ಯಾಮ್‌ಸ್ಯಾಟ್‌ನ ಪ್ರಸಾರ ಶಕ್ತಿ ಸುಮಾರು ಒಂದು ವ್ಯಾಟ್ ಅಷ್ಟೇ. ಆದ್ರೂ ಲೈಸೆನ್ಸ್ ಇದ್ದ ಯಾರು ಬೇಕಾದ್ರೂ ದುಡ್ಡಿಲ್ಲದೆ ಬಳಸಬಹುದಿತ್ತು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗೋದು ಇದೇ.

2014ರ ಜುಲೈಯಲ್ಲಿ ಬ್ಯಾಟರಿ ಕೈಕೊಟ್ಟು ಅದರ ಕೆಲಸ ಮುಗೀತು. ಬ್ಯಾಟರಿ ಸತ್ತಿದ್ದ ಆಸ್ಕರ್-7 ಮಾತ್ರ 2002ರಲ್ಲಿ ಬರೀ ಬಿಸಿಲಿನ ಬಲದಲ್ಲಿ ಮತ್ತೆ ಮಾತಾಡಿತ್ತು. ಹ್ಯಾಮ್‌ಸ್ಯಾಟ್‌ಗೆ ಆ ಅದೃಷ್ಟ ಬರಲಿಲ್ಲ.