ಗಾಯಗಳನ್ನು ಮರೆಮಾಡದ ಹಾಡು



ಜುಲೈ 3ರಂದು ನಾವು ಸಂತ ತೋಮಾಸರ ಹಬ್ಬವನ್ನು ಆಚರಿಸುತ್ತೇವೆ. ಭಾರತಕ್ಕೆ ಶುಭಸಂದೇಶವನ್ನು ತಂದವರೆಂದು ನಾವು ಗೌರವಿಸುವ ಈ ಪ್ರೇಷಿತರನ್ನು ಕುರಿತು ಅಮೆರಿಕದ ಬೆಟ್ಟಗಾಡಿನಲ್ಲೂ ಒಂದು ಹಾಡು ಹುಟ್ಟಿದೆ. ಅದನ್ನು ರಚಿಸಿದ ಇಬ್ಬರಲ್ಲಿ ಒಬ್ಬರು ಪ್ರಸಿದ್ಧ ಬ್ಯಾಂಜೋ ವಾದಕ ರಾಲ್ಫ್ ಸ್ಟ್ಯಾನ್ಲಿ.

ರಾಲ್ಫ್ ಹುಟ್ಟಿದ್ದು 1927ರಲ್ಲಿ, ವರ್ಜೀನಿಯಾ ರಾಜ್ಯದ ಬೆಟ್ಟಸೀಮೆಯಲ್ಲಿ. ಅವರ ಮನೆಯವರು ಕಥೋಲಿಕರಲ್ಲ, ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಗಡದವರು. ಅವರ ಆರಾಧನೆಯಲ್ಲಿ ವಾದ್ಯಗಳಿಗೆ ಜಾಗವಿಲ್ಲ; ಬರಿಯ ಕಂಠವೇ ಎಲ್ಲ. ಬಾಲಕ ರಾಲ್ಫನ ಮುಂದೆ ತಾಯಿ ಒಂದು ಆಯ್ಕೆ ಇಟ್ಟರು: ಐದು ಡಾಲರಿಗೆ ಹಂದಿಯೋ, ಬ್ಯಾಂಜೋವೋ? ಹುಡುಗ ಬ್ಯಾಂಜೋ ಆರಿಸಿಕೊಂಡ. ಕಂಜರದಂತೆ ಚರ್ಮ ಬಿಗಿದ, ಉದ್ದ ಹಿಡಿಯ ಆ ತಂತಿವಾದ್ಯವನ್ನು ನುಡಿಸಲು ಕಲಿಸಿದವರೂ ತಾಯಿಯೇ.

1946ರಲ್ಲಿ ಸೈನ್ಯದಿಂದ ಮರಳಿದ ರಾಲ್ಫ್, ಅಣ್ಣ ಕಾರ್ಟರ್ ಜೊತೆ ವಾದ್ಯತಂಡ ಕಟ್ಟಿದರು. ಆಗತಾನೇ ರೂಪುಗೊಳ್ಳುತ್ತಿದ್ದ 'ಬ್ಲೂಗ್ರಾಸ್' ಸಂಗೀತದಲ್ಲಿ ಈ ಸಹೋದರರು ಹೆಸರಾದರು. ಅಣ್ಣನೇ ಮುಖ್ಯ ಗಾಯಕ, ತಂಡದ ಮಾತುಗಾರ. ತಮ್ಮ ಸಂಕೋಚದ ಮನುಷ್ಯ. ಆದರೆ ಕುಡಿತ ಅಣ್ಣನ ಆರೋಗ್ಯವನ್ನು ಹಾಳುಮಾಡಿತು. 1966ರ ಡಿಸೆಂಬರ್ 1ರಂದು, 41ನೇ ವಯಸ್ಸಿನಲ್ಲಿ, ಕಾರ್ಟರ್ ತೀರಿಕೊಂಡರು. ಇನ್ನು ಹಾಡುವುದೇ ಬೇಡವೆಂದು ರಾಲ್ಫರಿಗೆ ಅನಿಸಿತು. ಮುಂದುವರಿಸಿರೆಂದು ಅಭಿಮಾನಿಗಳ ಪತ್ರಗಳು ಬಂದವು. ಅವರು ಮತ್ತೆ ಬ್ಯಾಂಜೋ ಎತ್ತಿಕೊಂಡರು.

ಅಣ್ಣನ ಸ್ಥಾನದಲ್ಲಿ ಹಾಡಲು ಬಂದ ಯುವಕ ಲ್ಯಾರಿ ಸ್ಪಾರ್ಕ್ಸ್. ಇವರಿಬ್ಬರೂ ಸೇರಿ ರಚಿಸಿದ್ದೇ 'ಐ ಆಮ್ ದ ಮ್ಯಾನ್, ಥಾಮಸ್'. ಪುನರುತ್ಥಾನರಾದ ಯೇಸುಸ್ವಾಮಿ ತಮ್ಮ ಗಾಯಗಳನ್ನು ತೋರಿಸುತ್ತಾ ಸಂಶಯಪಟ್ಟ ಶಿಷ್ಯನೊಡನೆ ಮಾತನಾಡುವ ಹಾಡು ಇದು. ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯವೇ ಇದರ ಬೇರು. ಗಮನಿಸಿ: ಮರಣವನ್ನು ಜಯಿಸಿದ ಪ್ರಭುವಿನ ದೇಹದಲ್ಲಿ ಗಾಯದ ಗುರುತುಗಳು ಅಳಿಸಿಹೋಗಿರಲಿಲ್ಲ. ತೋಮಾಸರು ಪ್ರಭುವನ್ನು ಗುರುತಿಸಿದ್ದು ಆ ಗಾಯಗಳಿಂದಲೇ.

ಮುಂದೆ 2000ದಲ್ಲಿ ತೆರೆಕಂಡ 'ಓ ಬ್ರದರ್, ವೇರ್ ಆರ್ಟ್ ದೌ' ಚಲನಚಿತ್ರಕ್ಕಾಗಿ ಸಾವನ್ನು ಕುರಿತ ಒಂದು ಹಳೆಯ ಹಾಡನ್ನು ಬ್ಯಾಂಜೋ ನುಡಿಸುತ್ತಾ ಹಾಡುವಂತೆ ಅವರನ್ನು ಕೇಳಲಾಯಿತು. ರಾಲ್ಫ್ ಬ್ಯಾಂಜೋವನ್ನು ಕೆಳಗಿಟ್ಟು, ತಮ್ಮ ಊರಿನ ದೇವಾಲಯದ ರೀತಿಯಲ್ಲಿ ಬರಿಯ ಕಂಠದಿಂದ ಹಾಡಿದರು. ಅದೇ ಹಾಡಿಗೆ 2002ರಲ್ಲಿ, 75ನೇ ವಯಸ್ಸಿನಲ್ಲಿ, ಗ್ರ್ಯಾಮಿ ಪ್ರಶಸ್ತಿ ಬಂತು. 2016ರ ಜೂನ್ 23ರಂದು, 89ನೇ ವಯಸ್ಸಿನಲ್ಲಿ, ಅವರು ದೈವಾಧೀನರಾದರು.

ಪ್ರಿಯರೇ, ಕುಡಿತದಿಂದ ಒಡೆದ ಮನೆ, ಅಕಾಲದಲ್ಲಿ ಅಗಲಿದ ಸಹೋದರ - ಇಂಥ ಗಾಯಗಳು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲೂ ಇವೆ. ಮಾನಕ್ಕೆ ಅಂಜಿ ನಾವು ಅವನ್ನು ಮುಚ್ಚಿಡುತ್ತೇವೆ. ಪಕ್ಕದ ಬೆಂಚಿನಲ್ಲಿ ಕುಳಿತವರಿಗೂ ತಿಳಿಯದಂತೆ ನೋಯುತ್ತೇವೆ. ಪ್ರಭು ತಮ್ಮ ಗಾಯಗಳನ್ನು ಮರೆಮಾಡಲಿಲ್ಲ. ಮುಟ್ಟಿ ನೋಡೆಂದು ಕರೆದರು. ಈ ಹಬ್ಬದಂದು ನಮ್ಮ ಗಾಯಗಳನ್ನೂ ಅವರ ಮುಂದೆ ತೆರೆದಿಡೋಣ. ನೊಂದ ನೆರೆಮನೆಯವರ ಬಾಗಿಲನ್ನೂ ತಟ್ಟೋಣ.