ಸ್ಟೇರಿಂಗ್ ಕೆಳಗಿನ ಸಾಕೆಟ್ಟು ಯಾರ ಸೊತ್ತು?

ಶೋರೂಮಿನ ಎಸ್ಟಿಮೇಟ್ ಹಾಳೆಯಲ್ಲಿ ‘ಸೆನ್ಸರ್’ ಎಂಬ ಪದ ಕಂಡರೆ ಸಾಕು, ನಮ್ಮ ಕಡೆಯ ಬಾಡಿಗೆ ಕಾರಿನವರ ಎದೆ ಧಸಕ್ಕೆನ್ನುತ್ತದೆ. ನೋಡಿದರೆ ಹೆಬ್ಬೆರಳು ಗಾತ್ರದ ಸಾಮಾನು. ಅದರ ಮುಂದೆ ಬರೆದ ಮೊತ್ತ ಮಾತ್ರ ಕೆಲವೊಮ್ಮೆ ತಿಂಗಳ ದುಡಿಮೆಯನ್ನೇ ನುಂಗುವಂಥದ್ದು. ‘ಸರ್, ಸೆನ್ಸರ್ ಹೋಗಿದೆ, ಸೆಟ್ಟೇ ಬದಲಿಸಬೇಕು’ ಅಂತಾರೆ. ಏನು ಹೋಗಿದೆ, ಹೇಗೆ ಗೊತ್ತಾಯಿತು ಅಂತ ಕೇಳಿದರೆ ‘ಕಂಪ್ಯೂಟರ್ ಹೇಳ್ತಿದೆ’ ಅಂತ ಉತ್ತರ. ಅಲ್ಲಿಗೆ ಮಾತು ಮುಗಿಯಿತು.

ಕಂಪ್ಯೂಟರ್ ಹೇಳಿದ್ದನ್ನು ಕೇಳಿಸಿಕೊಳ್ಳುವ ಹಕ್ಕು ಶೋರೂಮಿನವರಿಗೆ ಮಾತ್ರ ಹೇಗೆ ಬಂತು? ಇದು ನಮ್ಮನ್ನು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಹುಡುಕುತ್ತ ಹೋದರೆ ಅದಕ್ಕೆ ಐವತ್ತು ವರ್ಷಕ್ಕೂ ಮೀರಿದ ಕಥೆಯಿದೆ.

ಮೊದಲು ಸೆನ್ಸರ್ ಇಲ್ಲದ ಕಾಲ ನೆನಪಿಸಿಕೊಳ್ಳೋಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿಯಿತು. ಅದರಲ್ಲೂ, ಅದಕ್ಕಿಂತ ಹಳೆಯ ಅಂಬಾಸಿಡರ್, ಫಿಯಟ್‌ಗಳಲ್ಲೂ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುತ್ತಿದ್ದುದು ಕಾರ್ಬ್ಯುರೇಟರ್. ಅದಕ್ಕೆ ಕಂಪ್ಯೂಟರೂ ಬೇಡ, ಸೆನ್ಸರೂ ಬೇಡ. ಬಸ್ ಸ್ಟ್ಯಾಂಡ್ ಪಕ್ಕದ ಮಿಸ್ತ್ರಿ ಬಾನೆಟ್ ಎತ್ತಿ, ಎಂಜಿನ್ ಸದ್ದಿಗೆ ಕಿವಿಗೊಟ್ಟು, ಸ್ಕ್ರೂಡ್ರೈವರಿನಲ್ಲಿ ಅರ್ಧ ಸುತ್ತು ತಿರುಗಿಸಿದರೆ ಗಾಡಿ ಸರಿಹೋಗುತ್ತಿತ್ತು. ಎಂಜಿನ್ ಏನು ಹೇಳುತ್ತಿದೆ ಅನ್ನುವುದು ಕಿವಿಯಿದ್ದ ಎಲ್ಲರಿಗೂ ಕೇಳುತ್ತಿತ್ತು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ನಾವು ಹೇಳುವುದಿಲ್ಲ. ಆ ಎಂಜಿನ್ನುಗಳು ಪೆಟ್ರೋಲ್ ಕುಡಿಯುತ್ತಿದ್ದವು, ಹೊಗೆ ಕಾರುತ್ತಿದ್ದವು. ಆಗಿನ ಪೆಟ್ರೋಲಿನಲ್ಲಿ ಸೀಸವೂ ಇತ್ತು.

ಸೆನ್ಸರ್ ಬಂದದ್ದು ಈ ಹೊಗೆಯ ಕಾರಣಕ್ಕೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮುಖ್ಯವಾಗಿ ಲಾಸ್ ಏಂಜಲೀಸ್ ನಗರದಲ್ಲಿ, ಕಾರಿನ ಹೊಗೆಯಿಂದ ಜನರ ಕಣ್ಣು ಉರಿಯುತ್ತಿತ್ತು. ಅಲ್ಲಿಯ ಸರ್ಕಾರ ಹೊಗೆಯ ಮಿತಿಯನ್ನು ಬಿಗಿ ಮಾಡುತ್ತ ಹೋಯಿತು. ಆ ಮಿತಿಯೊಳಗೆ ಬರಬೇಕಾದರೆ ಪೆಟ್ರೋಲನ್ನು ಅಳೆದು ಕೊಡಬೇಕು. ಜರ್ಮನಿಯ ಬಾಷ್ ಕಂಪನಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ ಮಾಡಿತು, 1967ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಅಮೆರಿಕದ ಕಾರುಗಳಲ್ಲಿ ಅದನ್ನು ಹಾಕಿತು. ಗಾಳಿಯ ಒತ್ತಡ, ಎಂಜಿನ್ನಿನ ಬಿಸಿ ಇವನ್ನೆಲ್ಲ ಅಳೆದು ಒಂದು ಪೆಟ್ಟಿಗೆಗೆ ತಿಳಿಸುವುದು ಸೆನ್ಸರುಗಳ ಕೆಲಸ. ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವುದು ಪೆಟ್ಟಿಗೆಯ ಕೆಲಸ.

ಇಂದು ಎಸ್ಟಿಮೇಟಿನಲ್ಲಿ ಹೆಚ್ಚಾಗಿ ಕಾಣುವ ಆಕ್ಸಿಜನ್ ಸೆನ್ಸರ್ ಕೂಡ ಬಾಷ್ ಕಂಪನಿಯದೇ ಕೂಸು. 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಂತು. ಸೈಲೆನ್ಸರ್ ಪೈಪಿಗೆ ಬೋಲ್ಟಿನಂತೆ ತಿರುಗಿಸಿ ಕೂರಿಸುತ್ತಾರೆ. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದರ ಮೇಲೆ ಅದು ಸಣ್ಣ ವಿದ್ಯುತ್ ಹುಟ್ಟಿಸುತ್ತದೆ, ಒಂದು ವೋಲ್ಟಿಗಿಂತಲೂ ಕಡಿಮೆ. ಚೆನ್ನಾಗಿ ಕಾದ ಮೇಲಷ್ಟೇ ಕೆಲಸ ಮಾಡುವ ವಸ್ತು ಅದು. ಹಾಗಾಗಿ ಈಗಿನ ಸೆನ್ಸರಿನೊಳಗೆ ಪುಟ್ಟ ಹೀಟರ್ ಇರುತ್ತದೆ. ಈ ಹೀಟರ್ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಸೆನ್ಸರ್ ಬಂದ ಮೇಲೆ ಇನ್ನೊಂದು ತಕರಾರು ಶುರುವಾಯಿತು. ಕೆಟ್ಟದ್ದು ಯಾವುದು ಅಂತ ತಿಳಿಯುವುದು ಹೇಗೆ? ಕಾರೇ ತನ್ನ ದೋಷವನ್ನು ಹೇಳಬೇಕು ಅಂತ ಕ್ಯಾಲಿಫೋರ್ನಿಯಾ 1988ರಿಂದ ನಿಯಮ ಮಾಡಿತು. ಮೀಟರ್ ಬೋರ್ಡಿನ ಹಳದಿ ಎಂಜಿನ್ ದೀಪದ ಮೂಲ ಅಲ್ಲಿದೆ. ಆದರೆ ಕಂಪನಿಗೊಂದು ಸಾಕೆಟ್ಟು, ಕಂಪನಿಗೊಂದು ಸಂಕೇತ. ಊರ ಗ್ಯಾರೇಜಿನವನು ಹತ್ತು ಯಂತ್ರ ಎಲ್ಲಿಂದ ತರಬೇಕು? 1996ರ ಮಾಡೆಲ್ಲಿನಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಆಕಾರದ 16 ಪಿನ್ನಿನ ಸಾಕೆಟ್ಟು ಕಡ್ಡಾಯವಾಯಿತು, ಮುಖ್ಯ ದೋಷಗಳಿಗೆ ಒಂದೇ ಬಗೆಯ ಕೋಡು ಬಂತು. ಇದಕ್ಕೆ ಓಬಿಡಿ ಎರಡು ಅಂತ ಹೆಸರು. ನಿಮ್ಮ ಕಾರು ಈಚಿನದಾಗಿದ್ದರೆ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಕೈ ಹಾಕಿ ನೋಡಿ. ಅದೇ ಸಾಕೆಟ್ಟು.

ಕಾರಿನ ಬಾಯಿ ಎಲ್ಲರ ಎದುರು ಬಿಚ್ಚಲಿ ಅಂತಲೇ ಇಟ್ಟ ಸಾಕೆಟ್ಟು ಅದು. ಇದನ್ನು ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ.

ಭಾರತಕ್ಕೆ ಈ ಕಥೆ ಬಂದದ್ದು ದೆಹಲಿಯ ಹೊಗೆಯ ದಾರಿಯಲ್ಲಿ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 1999ರ ಏಪ್ರಿಲ್‌ನಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಯೂರೋ ನಿಯಮವನ್ನು ಗಡುವು ಹಾಕಿ ಜಾರಿಗೆ ತಂದಿತು. ಸೀಸದ ಪೆಟ್ರೋಲು 2000ದಲ್ಲಿ ದೇಶದಿಂದಲೇ ಹೋಯಿತು. ಮಾರುತಿ 800ರಂಥ ಮಾರುತಿಗೂ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ಬಂತು. ಹಿಂದಿನ ಗಾಜಿನ ಮೇಲೆ ಹೆಮ್ಮೆಯಿಂದ ಅಂಟಿಸಿರುತ್ತಿದ್ದ ಆ ನಾಲ್ಕು ಅಕ್ಷರ ಈಗಲೂ ಹಳೆಯ ಕಾರುಗಳಲ್ಲಿ ಕಾಣಬಹುದು.

ಆಮೇಲೆ ಭಾರತ್ ಸ್ಟೇಜ್ ಮೆಟ್ಟಿಲುಗಳು. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಬಂತು, ಜಿಲ್ಲೆಗಳಲ್ಲಿ ಬಿಎಸ್-3 ಇತ್ತು. ಕೆಲವು ವರ್ಷ ನಮ್ಮ ಒಂದೇ ರಾಜ್ಯದಲ್ಲಿ ಎರಡು ಕಾನೂನು! ಬಿಎಸ್-4 ಕಾರುಗಳಿಗೆ 2010ರಿಂದ ಓಬಿಡಿ, 2013ರಿಂದ ಅದರ ಎರಡನೇ ಹಂತ. 2020ರ ಏಪ್ರಿಲ್‌ಗೆ ಬಿಎಸ್-6 ಬಂತು, ಡೀಸೆಲ್ ಗಾಡಿಗಳ ಹೊಗೆ ಪೈಪಿನಲ್ಲಿ ಸೆನ್ಸರುಗಳ ಸಂತೆಯೇ ನೆರೆಯಿತು.

ನಗರದವರು ಇದನ್ನೆಲ್ಲ ಹೊಸ ಕಾರಿನಲ್ಲಿ, ವಾರಂಟಿಯ ನೆರಳಿನಲ್ಲಿ ಅನುಭವಿಸಿದರು. ನಮ್ಮೂರಿಗೆ ಈ ಇತಿಹಾಸ ಬಂದದ್ದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೂತು, ಏಳೆಂಟು ವರ್ಷ ತಡವಾಗಿ. ಅಷ್ಟರಲ್ಲಿ ವಾರಂಟಿ ತೀರಿತ್ತು, ವೈರು ಒಣಗಿತ್ತು. ಸಾಲ ಮಾಡಿ ಕೊಂಡ ಹಳೇ ಕಾರಿಗೆ ದೀಪ ಹತ್ತಿದಾಗ ಸ್ಕ್ರೂಡ್ರೈವರಿನ ಮಿಸ್ತ್ರಿ ಕೈಚೆಲ್ಲಿದರು, ‘ಶೋರೂಮಿಗೆ ಹೋಗಿ’ ಅಂದರು. ಶೋರೂಮು ಇರುವುದು ಜಿಲ್ಲಾ ಕೇಂದ್ರದಲ್ಲಿ. ಗಾಡಿ ಅಲ್ಲಿ ಬಿಟ್ಟು ಬಂದರೆ ಅಷ್ಟು ದಿನದ ಬಾಡಿಗೆಯೂ ಹೋಯಿತು.

ಮಿಸ್ತ್ರಿಗೆ ಕಲಿಯುವ ಮನಸ್ಸಿರಲಿಲ್ಲವೇ? ಮನಸ್ಸಿದ್ದರೂ ಬಾಗಿಲು ಹಾಕಿತ್ತು. ಇದು ನಮ್ಮ ಊಹೆಯಲ್ಲ, ಸರ್ಕಾರಿ ದಾಖಲೆಯಲ್ಲಿದೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ತಮ್ಮ ಡೀಲರುಗಳಿಗೆ ಮಾತ್ರ ಕೊಡುತ್ತಿವೆ, ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿವೆ ಎಂಬುದು ದೂರು. ಮೂರು ಕಂಪನಿಗಳ ಮೇಲೆ ಶುರುವಾದ ತನಿಖೆ ಉಳಿದವುಗಳಿಗೂ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಮಾರುತಿ, ಟಾಟಾ, ಮಹೀಂದ್ರ, ನಮ್ಮ ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ, ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಆಯೋಗದ ಆದೇಶದಲ್ಲಿ ದಂಡಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಸೆನ್ಸರನ್ನು ಕಾರು ಕಂಪನಿ ತಾನೇ ಮಾಡುವುದು ಕಡಿಮೆ. ಬಾಷ್, ಡೆನ್ಸೊ ಥರದ ಕಂಪನಿಗಳು ಮಾಡಿ ಕೊಡುತ್ತವೆ. ಬಾಷ್ ನಮಗೆ ದೂರದ್ದೇನೂ ಅಲ್ಲ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಾರ್ಖಾನೆಯೇ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡದ್ದು. ಹೀಗೆ ಬಿಡಿಭಾಗ ಮಾಡುವವರು ಅದನ್ನು ನೇರವಾಗಿ ಮಾರುಕಟ್ಟೆಗೆ ಮಾರದಂತೆ ಕಾರು ಕಂಪನಿಗಳು ಒಪ್ಪಂದದಲ್ಲಿ ಕಟ್ಟಿಹಾಕಿದ್ದನ್ನು ಆಯೋಗ ತಪ್ಪು ಅಂದಿತು. ಬಿಡಿಭಾಗ, ಉಪಕರಣ, ರಿಪೇರಿ ಮಾಹಿತಿ ಹೊರಗಿನವರಿಗೂ ಸಿಗಬೇಕು ಅಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನುವ ಷರತ್ತು ಕೂಡದು ಅಂತಲೂ ಹೇಳಿತು. ಕಂಪನಿಗಳು ಸುರಕ್ಷತೆ, ಬೌದ್ಧಿಕ ಹಕ್ಕು ಎಂದು ವಾದಿಸಿದ್ದವು, ಆಯೋಗ ಒಪ್ಪಲಿಲ್ಲ. ಕಂಪನಿಗಳು ಸುಮ್ಮನಿರದೆ ಮೇಲ್ಮನವಿ, ಹೈಕೋರ್ಟು ಅಂತ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಇದೇ ವಿಷಯಕ್ಕೆ 2012ರಲ್ಲಿ ಜನ ಮತ ಹಾಕಿ ರಿಪೇರಿ ಹಕ್ಕಿನ ಕಾನೂನು ತಂದರು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಎಂಬ ಜಾಲತಾಣ ತೆರೆಯಿತು. ಕಾನೂನಿಗೂ ಜಾಲತಾಣಕ್ಕೂ ಇರುವ ದೂರ ನಿಮಗೆ ಗೊತ್ತೇ ಇದೆ.

ಈಗ ಆ ಹೀಟರಿನ ವಿಷಯ. ಕಳೆದ ಮಳೆಗಾಲ ನಮ್ಮ ಪರಿಚಯದ ಚಾಲಕರೊಬ್ಬರಿಗೆ ಒಂದು ಸರ್ವಿಸ್ ಸೆಂಟರಿನಲ್ಲಿ ಎರಡು ಆಕ್ಸಿಜನ್ ಸೆನ್ಸರ್ ಹೋಗಿವೆ ಅಂತ ಎಸ್ಟಿಮೇಟ್ ಕೊಟ್ಟರು. ಮೊತ್ತ ನೋಡಿ ಅವರು ಗಾಡಿ ವಾಪಸ್ ತಂದರು. ಸಂತೆ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಸಣ್ಣದೊಂದು ಸ್ಕ್ಯಾನರ್ ಇತ್ತು, ಮೊಬೈಲಿಗೆ ಜೋಡಿಸುವಂಥದ್ದು. ಬಂದ ಕೋಡು ಪಿ0135 ಮತ್ತು ಪಿ0141. ಎರಡೂ ಹೇಳುವುದು ಸೆನ್ಸರಿನ ಹೀಟರ್ ಸರ್ಕಿಟ್ಟಿನ ಬಗ್ಗೆ. ‘ಎರಡು ಸೆನ್ಸರ್ ಒಂದೇ ದಿನ ಸಾಯ್ತವೇನಣ್ಣ?’ ಅಂದ ಹುಡುಗ ಮೊದಲು ಫ್ಯೂಸ್ ನೋಡಿದ, ಸುಟ್ಟಿತ್ತು. ಇಲಿ ಕಡಿದ ವೈರು ಬಾಡಿಗೆ ತಾಗಿ ಫ್ಯೂಸ್ ಹೋಗಿತ್ತು, ಎರಡು ಹೀಟರಿಗೂ ಅದೇ ಫ್ಯೂಸ್. ವೈರು ಸರಿಮಾಡಿ ಫ್ಯೂಸ್ ಹಾಕಿದ, ದೀಪ ಮತ್ತೆ ಹತ್ತಲಿಲ್ಲ.

ಕೋಡು ಸರ್ಕಿಟ್ಟಿನ ಹೆಸರು ಹೇಳುತ್ತದೆ, ಸತ್ತ ಸಾಮಾನಿನ ಹೆಸರನ್ನಲ್ಲ. ಸರ್ಕಿಟ್ಟು ಅಂದರೆ ಸೆನ್ಸರ್, ವೈರು, ಕನೆಕ್ಟರ್, ಫ್ಯೂಸ್ ಎಲ್ಲವೂ. ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸುವ ನಮ್ಮಲ್ಲಿ ವೈರನ್ನು ಮೊದಲು ನೋಡುವುದು ಒಳ್ಳೆಯದು. ಶೋರೂಮಿನವರು ಮೋಸವನ್ನೇ ಮಾಡುತ್ತಾರೆ ಅಂತ ನಮ್ಮ ವಾದವಲ್ಲ. ವೈರು ಹುಡುಕಲು ಅರ್ಧ ದಿನ ಬೇಕು, ಸೆನ್ಸರ್ ಬದಲಿಸಲು ಅರ್ಧ ಗಂಟೆ ಸಾಕು. ಅವರ ಲೆಕ್ಕಕ್ಕೆ ಎರಡನೆಯದು ಹೊಂದುತ್ತದೆ.

ಹಾಗಾಗಿ ಎಸ್ಟಿಮೇಟ್ ಕೈಗೆ ಬಂದಾಗ ಕೋಡಿನ ನಂಬರು ಬರೆದುಕೊಡಿ ಅಂತ ಕೇಳಿ. ಬಿಡಿಭಾಗದ ಪಾರ್ಟ್ ನಂಬರೂ ಬೇಕು, ಸಾಮಾನಿನ ಬೆಲೆ ಬೇರೆ, ಕೂಲಿ ಬೇರೆ ಬರೆಸಿ. ಕೋಡು ನೋಡಿ ನಿಲ್ಲಿಸಿದರೋ, ವೈರು ಅಳೆದು ನೋಡಿದರೋ ಅಂತಲೂ ವಿಚಾರಿಸಿ. ವಾರಂಟಿ ಉಳಿದಿದ್ದರೆ ಹೊರಗೆ ಹೋಗುವುದೇ ಬೇಡ. ವಾರಂಟಿ ತೀರಿದ್ದರೆ ಆ ನಂಬರು ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೋ ನಿಮ್ಮ ಜಿಲ್ಲೆಯ ಬಿಡಿಭಾಗದ ಅಂಗಡಿಗೋ ಫೋನು ಮಾಡಿ, ಸೆನ್ಸರ್ ಮಾಡುವ ಕಂಪನಿಯದೇ ಡಬ್ಬಿಯಲ್ಲಿ ಸಿಗುತ್ತದೆಯೇ ಕೇಳಿ. ಬಿಲ್ ಇಲ್ಲದೆ ತೀರಾ ಅಗ್ಗಕ್ಕೆ ಕೊಡುವವರಿಂದ ದೂರ ಇರಿ, ನಕಲಿ ಸೆನ್ಸರ್ ತಪ್ಪು ಲೆಕ್ಕ ಕೊಟ್ಟು ಪೆಟ್ರೋಲ್ ಹೆಚ್ಚು ಕುಡಿಸುತ್ತದೆ. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗದ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿದೆ, ಮೊದಲು ಹೆಚ್ಚಿನವುಕ್ಕೆ 28 ಇತ್ತು. ಬಿಲ್ಲಿನಲ್ಲಿ ಹಳೆಯ ದರ ಇದ್ದರೆ ಕೇಳಿ.

ಎಲ್ಲವೂ ಊರಲ್ಲೇ ಆಗುತ್ತದೆ ಅಂತಲ್ಲ. ಬಿಎಸ್-6 ಡೀಸೆಲ್ ಗಾಡಿಯ ಕೆಲವು ಸೆನ್ಸರ್ ಹಾಕಿದ ಮೇಲೆ ಗಾಡಿಯ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು, ಅದಕ್ಕೆ ಕಂಪನಿಯ ಯಂತ್ರವೇ ಬೇಕಾದೀತು. 2010ಕ್ಕೂ ಹಿಂದಿನ ಕೆಲವು ಕಾರುಗಳಿಗೆ ಅಗ್ಗದ ಸ್ಕ್ಯಾನರ್ ಭಾಷೆ ತಿಳಿಯುವುದಿಲ್ಲ. ದೀಪ ಮಿಣುಕುತ್ತಿದ್ದರೆ, ಅಂದರೆ ಹತ್ತಿ ಆರಿ ಮಾಡುತ್ತಿದ್ದರೆ, ಎಂಜಿನ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಆಗ ಬೆಲೆ ವಿಚಾರಿಸುತ್ತ ಓಡಿಸಬೇಡಿ, ಕೆಟಲಿಟಿಕ್ ಕನ್ವರ್ಟರ್ ಸುಟ್ಟರೆ ಸೆನ್ಸರಿಗಿಂತ ದೊಡ್ಡ ಖರ್ಚು.

ಲೆಕ್ಕ ಸರಿಯಿಲ್ಲ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಬಿಟ್ಟಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಎರಡಕ್ಕೂ ಎಸ್ಟಿಮೇಟ್ ಹಾಳೆ, ಬಿಲ್ಲು, ಕೋಡಿನ ನಂಬರು ಕೈಯಲ್ಲಿರಬೇಕು. ಬಿಚ್ಚಿದ ಹಳೆಯ ಸೆನ್ಸರನ್ನೂ ಕೇಳಿ ತೆಗೆದುಕೊಂಡು ಬನ್ನಿ, ಅದಕ್ಕೆ ದುಡ್ಡು ಕೊಟ್ಟವರು ನೀವು.