ಕೂದಲೇ ಸೀರೆಯಾದವರು

ನಮ್ಮ ಐರಣಿಯನ್ನು ಸವರಿಕೊಂಡು ಹರಿಯುವ ತುಂಗಭದ್ರೆಯೇ ಮುಂದೆ ಚೌಡಯ್ಯದಾನಪುರಕ್ಕೆ ಹೋಗುತ್ತದೆ. ಅಲ್ಲಿಯ ಮುಕ್ತೇಶ್ವರ ಗುಡಿಯಲ್ಲಿ 13ನೆಯ ಶತಮಾನದ ದೊಡ್ಡ ಶಾಸನಗಳಿವೆ. ಗುತ್ತಲದ ಅರಸರನ್ನೂ ಶಿವದೇವನೆಂಬ ಗುರುವನ್ನೂ ಹೊಗಳುತ್ತವೆ. ಊರಿಗೇ ಹೆಸರಾದ ಅಂಬಿಗರ ಚೌಡಯ್ಯನ ವಚನಗಳು ಮಾತ್ರ ಬಾಯಿಯಿಂದ ಬಾಯಿಗೆ, ಓಲೆಗರಿಯಿಂದ ಓಲೆಗರಿಗೆ ದಾಟಿ ಬಂದವು. ಹೆಚ್ಚಿನ ಶರಣರು ದೇವರ ಹೆಸರನ್ನು ಅಂಕಿತವಾಗಿಟ್ಟರೆ ಈತ ತನ್ನ ಹೆಸರನ್ನೇ ಇಟ್ಟ. ಡಾಂಭಿಕರಿಗೆ ಆತ ಕೊಟ್ಟ ಏಟಿಗೆ ಈಗಲೂ ಬೆನ್ನು ಚುರುಗುಟ್ಟುತ್ತದೆ.

ಇಂಥ ಚುಟುಕು ಏಟನ್ನು ರೋಮಿನವರು ಎಪಿಗ್ರಾಮ್ ಎಂದು ಕರೆದರು. ಮೂಲ ಗ್ರೀಕಿನಲ್ಲಿ ಅದರ ಅರ್ಥ ‘ಮೇಲೆ ಬರೆದದ್ದು’, ಅಂದರೆ ಕಲ್ಲಬರಹ. 1ನೆಯ ಶತಮಾನದ ಕವಿ ಮಾರ್ಷಲ್ ಅದನ್ನು ಚಾವಟಿ ಮಾಡಿಕೊಂಡ. ಕೊಂಡುತಂದ ಹಲ್ಲು, ಕೊಂಡುತಂದ ಕೂದಲು ಎಂದು ಹೆಂಗಸರನ್ನು ಆಡಿಕೊಳ್ಳುವುದೆಂದರೆ ಆತನಿಗೆ ಬಲು ಸದರ.

ಅದೇ ಎಪಿಗ್ರಾಮ್ ಆಮೇಲೆ ಕ್ರೈಸ್ತ ಸಂತರ ಗೋರಿಗೆ ಬಂತು. 366ರಿಂದ 384ರವರೆಗೆ ಪೋಪ್ ಆಗಿದ್ದ ದಮಾಸಸ್ ಹುತಾತ್ಮರಿಗಾಗಿ ಪದ್ಯ ಕಟ್ಟಿ, ಅಂದವಾದ ಅಕ್ಷರಗಳಲ್ಲಿ ಕೊರೆಸಿದ. ಆಗ್ನೆಸ್ ಎಂಬ ಹುಡುಗಿಗೆ ಹತ್ತು ಸಾಲು. ಆಕೆಗೆ ಹನ್ನೆರಡು ಹದಿಮೂರು ವರ್ಷ, ಅಷ್ಟೆ. ಬೆತ್ತಲಾದಾಗ ಹರಡಿದ ಕೂದಲಿನಿಂದಲೇ ಮೈ ಮುಚ್ಚಿಕೊಂಡಳಂತೆ. ಆ ಕಲ್ಲು ಬೋರಲಾಗಿ ಚರ್ಚಿನ ನೆಲಹಾಸಾಗಿತ್ತು; 1728ರಲ್ಲಿ ಮತ್ತೆ ಸಿಕ್ಕಿತು.

ಇದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ಮಗ್ಗುಲಿನ ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿ. ಅವಳಿಗೂ ಕೂದಲೇ ಸೀರೆ. ಆದರೆ ಶೂನ್ಯಸಂಪಾದನೆಯಲ್ಲಿ ಅಲ್ಲಮ, ಸೀರೆ ಬಿಟ್ಟವಳು ಕೂದಲಿನಿಂದೇಕೆ ಮರೆಮಾಡಿಕೊಂಡೆ ಎಂದು ಕೇಳಿದರೆ, ಅಕ್ಕ ಹಣ್ಣಿನ ಹೋಲಿಕೆ ಕೊಟ್ಟು ತಾನೇ ಉತ್ತರಿಸುತ್ತಾಳೆ. ತುಂಬಿದ ಸಭೆಯಲ್ಲಿ! ಆಗ್ನೆಸ್‌ಳನ್ನು ಹೀಗೆ ಕೇಳಿದವರಿಲ್ಲ. ಅವಳ ಪರವಾಗಿ ಪೋಪ್ ಮಾತಾಡಿದ, ಕಲ್ಲು ಮಾತಾಡಿತು. ಅಮೃತಶಿಲೆಯ ಆ ಹತ್ತು ಸಾಲಿಗಿಂತ ಅಕ್ಕನ ಒಂದು ಉತ್ತರವೇ ನನಗೆ ಹೆಚ್ಚು.

ಹಾಗೆಂದು ಲ್ಯಾಟಿನ್ನಿನಲ್ಲಿ ಹೆಂಗಸರು ಬರೆಯಲೇ ಇಲ್ಲವೆಂದಲ್ಲ. ಅದೇ 4ನೆಯ ಶತಮಾನದಲ್ಲಿ ಪ್ರೋಬಾ ಎಂಬ ಗೃಹಿಣಿ ವರ್ಜಿಲ್ ಕವಿಯ ಸಾಲುಗಳನ್ನು ತುಂಡು ತುಂಡಾಗಿ ತೆಗೆದು ಹೊಂದಿಸಿ, ಸುಮಾರು 700 ಸಾಲಿನಲ್ಲಿ ಬೈಬಲ್ಲಿನ ಕಥೆ ಹೇಳಿದಳು. ಇಂಥ ಕಾವ್ಯಕ್ಕೆ ಸೆಂಟೋ ಎನ್ನುತ್ತಾರೆ. ಆ ಮಾತಿನ ಅರ್ಥ ತುಂಡುಬಟ್ಟೆ ಜೋಡಿಸಿ ಹೊಲಿದದ್ದು. ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಹೇಳುವುದಾದರೆ ಕೌದಿ. ಮೊದಲಿನ ಕೆಲವು ಸಾಲುಗಳು ಮಾತ್ರ ಅವಳ ಸ್ವಂತದವು. ಅಲ್ಲಿ ಆಕೆ ಪ್ರೋಬಾ ಎಂಬ ತನ್ನ ಹೆಸರನ್ನೂ ಸೇರಿಸಿದ್ದಾಳೆ.